ಇಪ್ಪತ್ತೈದು ನಿಮಿಷಕ್ಕೆ ಹಿಡಿಸದ ಕಿರ್ದಿ

ದಾಖಲೆಗಳನ್ನು ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಸಾಗಿಸಿದ ನಮ್ಮ ಕೆಲಸದ ಬಗ್ಗೆ ಬೆಂಗಳೂರಿನ ಸಮಾವೇಶವೊಂದರಲ್ಲಿ ಮಾತನಾಡಿ ಮುಗಿಸಿದ್ದೆ. ಪ್ರಶ್ನೆ ಕೇಳಿದ ಹುಡುಗಿ ಹಿಂದಿನಿಂದ ಮೂರನೆಯ ಸಾಲಿನಲ್ಲಿದ್ದಳು. ಮೈಕ್ ಅವಳ ಕೈ ತಲುಪುವಷ್ಟರಲ್ಲಿ ಸಮಯ ಮುಗಿಯಿತೆಂದು ನಿರೂಪಕರು ನನಗೆ ಸನ್ನೆ ಮಾಡಿಯಾಗಿತ್ತು. ಅವಳು ಕೇಳಿದ್ದು ಇಷ್ಟೇ: "ಹಳೆಯ ಡೇಟಾಬೇಸ್‌ನಲ್ಲಿ ಇದ್ದುದು ಹೊಸದಕ್ಕೆ ಸರಿಯಾಗಿ ಬಂತು ಎಂದು ತೋರಿಸಿದಿರಿ. ಹಳೆಯದರಲ್ಲಿ ಇದ್ದುದೇ ಸರಿಯಿತ್ತು ಎಂದು ನಿಮಗೆ ಹೇಗೆ ಗೊತ್ತಾಯಿತು?" ನಾನು ಸಿದ್ಧಪಡಿಸಿಟ್ಟುಕೊಂಡಿದ್ದ ಉತ್ತರವನ್ನೇ ಕೊಟ್ಟೆ. ಎರಡೂ ಕಡೆಯ ಸಾಲುಗಳ ಎಣಿಕೆ ತಾಳೆಯಾಯಿತು, ಖಾತೆವಾರು ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು, ಪ್ರತಿ ಟೇಬಲ್ಲಿನ ಒಟ್ಟು ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯುವ ತಾಳೆಸಂಖ್ಯೆ, ಅಂದರೆ ಚೆಕ್‌ಸಮ್ ತಾಳೆಯಾಯಿತು, ಆರು ವಾರ ಹಳೆಯದನ್ನೂ ಹೊಸದನ್ನೂ ಜೊತೆಜೊತೆಯಾಗಿ ನಡೆಸಿ ನೋಡಿದೆವು ಎಂದೆ. ಚಪ್ಪಾಳೆ ಬಿತ್ತು. ಅವಳು ತಲೆಯಾಡಿಸಿ ಕುಳಿತಳು. ಎಂಟು ತಿಂಗಳಾದರೂ ಅವಳು ಹಾಗೆ ತಲೆಯಾಡಿಸಿದ್ದು ನನ್ನ ಕಣ್ಣಿನಿಂದ ಹೋಗಿಲ್ಲ. ನಾನು ಅವಳ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಹಳೆಯದರಲ್ಲಿ ಇದ್ದುದೆಲ್ಲ ಸರಿಯಿರಲಿಲ್ಲ, ಮತ್ತು ಎಲ್ಲೆಲ್ಲಿ ಸರಿಯಿರಲಿಲ್ಲ ಎಂಬುದೂ ಒಂದಷ್ಟು ಮಟ್ಟಿಗೆ ಗೊತ್ತಿತ್ತು.

ಕೆಲಸದ ವಿವರ ಹೇಳಿದರೆ ಈ ವೃತ್ತಿಯವರಿಗೆ ಹೊಸದೇನೂ ಅನ್ನಿಸದು. ಮಲೆನಾಡಿನ ಒಂದು ಸಹಕಾರ ಸಂಘ. ಸದಸ್ಯರ ಷೇರು, ಠೇವಣಿ, ಬೆಳೆಸಾಲ ಎಲ್ಲವೂ ಎರಡು ದಶಕಕ್ಕೂ ಹಳೆಯದಾದ ಒರಾಕಲ್ ಡೇಟಾಬೇಸಿನಲ್ಲಿತ್ತು. ಅದನ್ನು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿಗೆ ತರಬೇಕಿತ್ತು. ದೊಡ್ಡ ಕಂಪನಿಗಳ ಲೆಕ್ಕದಲ್ಲಿ ಇದು ಅಂಗೈಯಗಲದ ಕೆಲಸ. ಅಮೆಜಾನ್ ತನ್ನ ಗ್ರಾಹಕ ವ್ಯವಹಾರವನ್ನು ಒರಾಕಲ್‌ನಿಂದ ಪೂರ್ತಿಯಾಗಿ ಹೊರತಂದೆವೆಂದು 2019ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದಾಗ ಸುಮಾರು 7,500 ಡೇಟಾಬೇಸುಗಳು, 75 ಪೆಟಾಬೈಟ್ ಎಂದು ಹೇಳಿಕೊಂಡಿತ್ತು. ನಮ್ಮದು ಒಂದೇ ಡೇಟಾಬೇಸ್, ಒಂದು ಮಧ್ಯಮ ಗಾತ್ರದ ಪೆನ್ ಡ್ರೈವಿನಲ್ಲಿ ಹಿಡಿಯುವಷ್ಟು. ಆದರೂ ಆ ಬೆಂಗಳೂರಿನ ಸಮಾವೇಶದ ಆಯ್ಕೆ ಸಮಿತಿ ನಮ್ಮ ಪ್ರಸ್ತಾವವನ್ನು ಒಪ್ಪಿಕೊಂಡಿತು. ಅದಕ್ಕೆ ಕಾರಣ ಕನ್ನಡ.

ನಾಲ್ಕೋ, ಹನ್ನೊಂದೋ, ಮೂವತ್ತಮೂರೋ

ನನ್ನ ಎರಡನೆಯ ಸ್ಲೈಡಿನಲ್ಲಿ ಒಂದೇ ಒಂದು ಪದವಿತ್ತು: ಕೃಷ್ಣಮೂರ್ತಿ. ಇದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಸಭೆಯನ್ನು ಕೇಳಿದೆ. ಕನ್ನಡ ಬಲ್ಲವರು ತಟ್ಟನೆ ನಾಲ್ಕು ಎಂದರು. ಮುಂದಿನ ಸಾಲಿನ ಒಬ್ಬರು ಬೆರಳು ಮಡಚುತ್ತಾ ಎಣಿಸಿ ಹನ್ನೊಂದು ಎಂದರು. ಎರಡೂ ಸರಿ. ಕೃ, ಷ್ಣ, ಮೂ, ರ್ತಿ ಎಂದು ನಾವು ಓದುವುದು ನಾಲ್ಕು. ಎಲ್ಲ ಭಾಷೆಗಳ ಲಿಪಿಗೂ ಸಂಕೇತ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್ ಅದನ್ನು ಬಿಡಿಬಿಡಿಯಾಗಿ ಹನ್ನೊಂದು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್ ಬೇಕಾದ್ದರಿಂದ ಡಿಸ್ಕಿನ ಮೇಲೆ ಅದು ಮೂವತ್ತಮೂರು. ಒರಾಕಲ್‌ನಲ್ಲಿ ಕಾಲಂನ ಉದ್ದವನ್ನು ಬೇರೆ ರೀತಿ ಹೇಳದಿದ್ದರೆ ಬೈಟ್‌ಗಳಲ್ಲಿ ಅಳೆಯುತ್ತಾರೆ. ಪೋಸ್ಟ್‌ಗ್ರೆಸ್ ಸಂಕೇತಗಳಲ್ಲಿ ಅಳೆಯುತ್ತದೆ. ಸಂಘದ ಕೌಂಟರಿನಲ್ಲಿ ಕುಳಿತವರು ಅಕ್ಷರಗಳಲ್ಲಿ ಅಳೆಯುತ್ತಾರೆ. ಸಭೆಯಲ್ಲಿ ಗುಜುಗುಜು ಎದ್ದಿತು. ಅಲ್ಲಿಂದ ಮುಂದೆ ಯಾರೂ ಮೊಬೈಲ್ ನೋಡಲಿಲ್ಲ.

ನಿಜವಾದ ತೊಡಕು ಅದಕ್ಕೂ ಹಿಂದಿನದು. ಹಳೆಯ ದಾಖಲೆಗಳೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿದ್ದವು. ಆ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿನಲ್ಲಿ ಮೂಡಿಸಲು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ತಲೆಯ ಮೇಲೆ ಗೆರೆ, ಚುಕ್ಕೆ, ಟೋಪಿ ಹೊತ್ತ ಲ್ಯಾಟಿನ್ ಅಕ್ಷರಗಳ ಸಂತೆ. ನುಡಿ ಅಕ್ಷರವನ್ನು ಕೈಬರಹದ ಹಾಗೆ ನೋಡುತ್ತದೆ. "ಕ" ಎಂದರೆ ಕಕಾರದ ಒಡಲು ಒಂದು, ತಲೆಕಟ್ಟು ಇನ್ನೊಂದು. ಹಾಗಾಗಿ "ಕನ್ನಡ" ನುಡಿಯಲ್ಲಿ ಏಳು ಬೈಟ್, ಯೂನಿಕೋಡಿನಲ್ಲಿ ಹದಿನೈದು. "ಕರ್ನಾಟಕ" ಎಂದು ಬರೆಯುವಾಗ ನಾವು "ನಾ" ಬರೆದ ಮೇಲೆ ಅರ್ಕಾವತ್ತನ್ನು ಹಾಕುತ್ತೇವಲ್ಲ, ನುಡಿಯೂ ಹಾಗೆಯೇ "ನಾ" ಆದ ಮೇಲೆ ಅರ್ಕಾವತ್ತನ್ನು ಇಟ್ಟುಕೊಳ್ಳುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮ ಹಿಡಿದು ರಕಾರವನ್ನು ಮೊದಲು ಇಡುತ್ತದೆ. ಅಂದರೆ ಪರಿವರ್ತಿಸುವಾಗ ಒಂದರ ಬದಲು ಒಂದು ಎಂದು ಅಕ್ಷರ ಬದಲಿಸಿದರೆ ಸಾಲದು, ಹಿಂದುಮುಂದು ಮಾಡಬೇಕು. ಒತ್ತು, ದೀರ್ಘ, ಅರ್ಕಾವತ್ತು ಮೂರೂ ಒಂದೇ ಕಡೆ ಬಂದಾಗ ಬೇಕಾದ ತಾಳ್ಮೆ ಎಷ್ಟೆಂದು ಈ ಕೆಲಸ ಮಾಡಿದವರಿಗೆ ಗೊತ್ತು.

"ಗೋಪಾಲ" ಇನ್ನೊಂದು ಪಾಠ ಕಲಿಸಿದ. ನುಡಿಯಲ್ಲಿ "ಗೋ" ಎನ್ನುವುದು ಎತ್ವ, ಅದರ ಮುಂದೆ ಕೊಂಬು, ಅದರ ಮುಂದೆ ದೀರ್ಘದ ಗುರುತು ಎಂದು ತುಂಡುತುಂಡಾಗಿ ಇರುತ್ತದೆ. ತುಂಡುಗಳನ್ನು ಹಾಗೆಯೇ ಯೂನಿಕೋಡಿಗೆ ತಂದರೆ ಪರದೆಯ ಮೇಲೆ "ಗೋ" ಸರಿಯಾಗಿಯೇ ಮೂಡುತ್ತದೆ, ಆದರೆ ಇತ್ತೀಚೆಗೆ ನೇರವಾಗಿ ಯೂನಿಕೋಡಿನಲ್ಲಿ ಟೈಪಿಸಿದ "ಗೋ"ಗೆ ಅದು ಸಮ ಎಂದು ಡೇಟಾಬೇಸ್ ಒಪ್ಪುವುದಿಲ್ಲ. ಒಬ್ಬನೇ ಗೋಪಾಲ ಇಬ್ಬರಾಗುತ್ತಾನೆ. ಇದನ್ನು ಸರಿಪಡಿಸುವ ಫಂಕ್ಷನ್ ಪೋಸ್ಟ್‌ಗ್ರೆಸ್‌ನ 13ನೆಯ ಆವೃತ್ತಿಯಿಂದ ಒಳಗೇ ಇದೆ. ಆದರೆ "ರಾಜ್‌ಕುಮಾರ್" ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗಿ ಸೇರದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವೊಂದಿದೆ. ಅದನ್ನು ಆ ಫಂಕ್ಷನ್ ಮುಟ್ಟುವುದಿಲ್ಲ. ಅದಕ್ಕೆ ನಾವೇ ಬೇರೆ ನಿಯಮ ಬರೆದೆವು. ಮಾತು ಮುಗಿದ ಮೇಲೆ ಚಹಾದ ಸಾಲಿನಲ್ಲಿ ತೆಲುಗಿನ ಗೆಳೆಯರೊಬ್ಬರು ಅನು ಫಾಂಟುಗಳ ಕಥೆ ಹೇಳಿದರು, ಹಿಂದಿಯವರೊಬ್ಬರು ಕೃತಿದೇವ್ ಫಾಂಟಿನ ಕಥೆ ಹೇಳಿದರು. ನಮ್ಮ ಭಾಷೆಗಳೆಲ್ಲ ಒಂದೇ ಗಾಯವನ್ನು ಬೇರೆ ಬೇರೆ ಕಡೆ ಕಟ್ಟಿಕೊಂಡು ನಡೆದಿವೆ ಎನ್ನಿಸಿ ಆ ಹೊತ್ತಿಗೆ ಮನಸ್ಸು ತುಂಬಿ ಬಂದಿತ್ತು.

ಇಷ್ಟೂ ನಾನು ವೇದಿಕೆಯ ಮೇಲೆ ಹೇಳಿದ್ದು. ಹೇಳದೆ ಬಿಟ್ಟಿದ್ದು ಮುಂದಿದೆ.

ಕಿರ್ದಿ ನೋಡಿ ಖತಾವಣಿ

ಸಂಘದ ಲೆಕ್ಕಪತ್ರ ವಿಭಾಗದಲ್ಲಿ ಒಬ್ಬರು ಹಿರಿಯ ಗುಮಾಸ್ತೆ ಇದ್ದಾರೆ. 1989ರಲ್ಲಿ ಕೆಲಸಕ್ಕೆ ಸೇರಿದವರು, ಬರುವ ಮಾರ್ಚ್‌ನಲ್ಲಿ ನಿವೃತ್ತಿ. ನಾವು ಬಂದ ಮೊದಲ ವಾರ ಅವರು ನಮ್ಮೊಡನೆ ಹೆಚ್ಚು ಮಾತನಾಡಲಿಲ್ಲ. ಎರಡನೆಯ ವಾರ, ಕಚೇರಿ ಮುಚ್ಚದೆ ಡೇಟಾ ಹೇಗೆ ಸಾಗಿಸುತ್ತೀರಿ ಎಂದು ಅವರೇ ಕೇಳಿದರು. ನಾನು ಅವರ ಮೇಜಿನ ಮೇಲಿದ್ದ ರಸೀದಿಯ ಹಿಂಬದಿಯಲ್ಲಿ ಎರಡು ಚೌಕ ಬರೆದು ವಿವರಿಸಿದೆ. ಮೊದಲು ಇದ್ದುದೆಲ್ಲವನ್ನೂ ನಕಲು ಮಾಡುತ್ತೇವೆ, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಕೌಂಟರಿನಲ್ಲಿ ಹೊಸ ವ್ಯವಹಾರ ಬರೆಯುತ್ತಲೇ ಇರುತ್ತೀರಿ. ಡೇಟಾಬೇಸ್ ಏನು ಮಾಡಿದರೂ ಅದನ್ನು ಮೊದಲು ಒಂದು ಲಾಗ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಟೇಬಲ್ಲಿನಲ್ಲಿ ಬರೆಯುತ್ತದೆ. ನಕಲು ಶುರುವಾದ ಕ್ಷಣದಿಂದ ಆ ಲಾಗನ್ನು ಓದುತ್ತಾ ಹೊಸ ಕಡೆ ಅದನ್ನೇ ಮತ್ತೆ ನಡೆಸುತ್ತೇವೆ. ಎರಡೂ ಸಮಸಮಕ್ಕೆ ಬಂದಾಗ ಕೌಂಟರನ್ನು ಹೊಸದಕ್ಕೆ ತಿರುಗಿಸುತ್ತೇವೆ.

ಅವರು ರಸೀದಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. "ಅಂದರೆ ಕಿರ್ದಿ ನೋಡಿ ಖತಾವಣಿ ಬರೆಯುವುದು" ಎಂದರು. ದಿನದ ವ್ಯವಹಾರವೆಲ್ಲ ಬಂದ ಕ್ರಮದಲ್ಲಿ ಮೊದಲು ಕಿರ್ದಿಗೆ. ಅಲ್ಲಿಂದ ಒಬ್ಬೊಬ್ಬರ ಹೆಸರಿನ ಪುಟಕ್ಕೆ, ಖತಾವಣಿಗೆ. ಕಂಪ್ಯೂಟರ್ ಬರುವ ಮುನ್ನ ಅವರು ಹತ್ತಾರು ವರ್ಷ ಕೈಯಲ್ಲಿ ಮಾಡಿದ ಕೆಲಸ ಅದು. ಆಮೇಲೆ ಒಂದು ಮಾತು ಸೇರಿಸಿದರು: "ಕಿರ್ದಿ ಇದ್ದರೆ ಖತಾವಣಿಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಕಿರ್ದಿ ಹೋಗಿ ಖತಾವಣಿ ಮಾತ್ರ ಉಳಿದರೆ, ಅದರಲ್ಲಿ ಇರುವುದನ್ನು ನಂಬಿಕೊಂಡು ಕೂರಬೇಕು." ಡೇಟಾಬೇಸಿನ ಒಳಗುಟ್ಟನ್ನು ಇಷ್ಟು ಚೆನ್ನಾಗಿ ನನಗೆ ಯಾವ ತರಗತಿಯಲ್ಲೂ ಯಾರೂ ಹೇಳಿರಲಿಲ್ಲ. ಆ ಸಂಜೆಯಿಂದ ನಮ್ಮ ತಂಡದಲ್ಲಿ ಯಾರೂ ಆ ಲಾಗನ್ನು ರೀಡೂ ಲಾಗ್ ಎಂಬ ಅದರ ಹೆಸರಿನಿಂದ ಕರೆಯಲಿಲ್ಲ, ಎಲ್ಲರ ಬಾಯಲ್ಲೂ ಕಿರ್ದಿ.

ಅಲ್ಲಿಂದ ಅವರು ನಮ್ಮ ಪರದೆಗಳನ್ನು ನೋಡಲು ದಿನಕ್ಕೊಮ್ಮೆ ಬರತೊಡಗಿದರು. ಪರಿವರ್ತನೆಯಾದ ಹೆಸರುಗಳ ಪಟ್ಟಿಯನ್ನು ಅಚ್ಚು ಹಾಕಿಸಿಕೊಂಡು ಮನೆಗೆ ಒಯ್ದವರು ಮರುದಿನ ಕೆಂಪು ಶಾಯಿಯ ಗುರುತುಗಳೊಂದಿಗೆ ತಂದರು. ಒಂದು ಕಡೆ "ಸೀತಾರಾವ" ಎಂಬುದರ ಕೆಳಗೆ ಗೆರೆ ಎಳೆದಿದ್ದರು. ಅವರು ಸೀತಾರಾಮ ಎಂದರು. ನಾನು ಹಳೆಯ ದಾಖಲೆಯ ಬೈಟ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಅಲ್ಲೂ ಸೀತಾರಾವ ಎಂದೇ ಇತ್ತು. ನಮ್ಮ ಪರಿವರ್ತನೆಯಲ್ಲಿ ತಪ್ಪಿಲ್ಲ ಎಂದೆ. ಅವರು ಒಪ್ಪಲಿಲ್ಲ. ಸಂಜೆ ಹೊಳೆಯಿತು: ನುಡಿಯ ಸಂಕೇತದಲ್ಲಿ "ಮ" ಎನ್ನುವುದು ವಕಾರದ ಒಡಲು, ತಲೆಕಟ್ಟು, ಕೊನೆಗೆ ಒಂದು ಕೊಂಬು. ಕೈಯಲ್ಲಿ ಬರೆದು ನೋಡಿ, "ವ" ಬರೆದು ಬಾಲ ಎಳೆದರೆ "ಮ". ಹೆಸರಿನ ಕಾಲಂ ಚಿಕ್ಕದು, ಕಂಪ್ಯೂಟರಿಗೆ ಏರಿಸುವ ಹಳೆಯ ಫಾರ್ಮು ಹೆಚ್ಚಾದುದನ್ನು ಕತ್ತರಿಸಿ ಉಳಿಸುತ್ತಿತ್ತು. ಮನೆತನ, ಊರು ಎಲ್ಲ ಸೇರಿ ಉದ್ದವಾದ ಹೆಸರಿನ ಕೊನೆಯ ಕೊಂಬು ಕತ್ತರಿಗೆ ಸಿಕ್ಕಿತ್ತು. ರಾಮ ಹೋಗಿ ರಾವ ಆದ. ಇಂಥವು ಹುಡುಕಿದರೆ ಇನ್ನೂ ಹನ್ನೆರಡು ಸಿಕ್ಕವು. ಯಾವ ಚೆಕ್‌ಸಮ್ ಕೂಡ ಅದನ್ನು ಹಿಡಿಯಲಾರದು, ಏಕೆಂದರೆ ಎರಡೂ ಕಡೆ ಒಂದೇ ತಪ್ಪು ಇತ್ತು. ತಾಳೆ ಪಕ್ಕಾ ಆಗಿತ್ತು.

ಭಾಷಣದ ತಾಲೀಮಿನಲ್ಲಿ ನನ್ನ ಬಳಿ ಕಿರ್ದಿಯ ಸ್ಲೈಡ್ ಇತ್ತು. ನಲವತ್ತು ನಿಮಿಷ ಬಂತು, ಇಪ್ಪತ್ತೈದಕ್ಕೆ ಇಳಿಸಬೇಕಿತ್ತು. ಕಿರ್ದಿ, ಖತಾವಣಿ ಎಂದರೆ ಏನೆಂದು ಇಂಗ್ಲಿಷಿನಲ್ಲಿ ವಿವರಿಸಲು ಎರಡು ನಿಮಿಷ ಬೇಕು, ಸಭೆಗೆ ಅದರಿಂದ ಏನು ಸಿಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಆ ಹೊತ್ತಿಗೆ ಸರಿ ಎನ್ನಿಸಿ ತೆಗೆದೆ. ಅದು ಹೋದ ಮೇಲೆ ಗುಮಾಸ್ತೆಯವರಿಗೆ ಭಾಷಣದಲ್ಲಿ ಜಾಗವೇ ಉಳಿಯಲಿಲ್ಲ. ಕೊನೆಯ ಸ್ಲೈಡಿನ ಕೃತಜ್ಞತೆಯಲ್ಲಿ "ಸಂಘದ ಸಿಬ್ಬಂದಿ" ಎಂಬ ಎರಡು ಪದಗಳಾಗಿ ಅವರು ಸೇರಿಕೊಂಡರು. ಸೀತಾರಾಮನೂ ಅವರ ಹಿಂದೆಯೇ ಹೋದ.

ಸಮಾವೇಶಗಳ ಭಾಷಣಗಳು ಹೀಗೆಯೇ ಆಗುತ್ತವೆ ಎಂದು ಈಗ ಅನ್ನಿಸುತ್ತದೆ. ಸಮಸ್ಯೆ, ವಿನ್ಯಾಸ, ಹಳೆಯದರಿಂದ ಹೊಸದಕ್ಕೆ ತಿರುಗುವ ಕಟ್‌ಓವರ್‌ನ ರಾತ್ರಿ, ಗ್ರಾಫ್, ಚಪ್ಪಾಳೆ. ಆ ದಾರಿಯಲ್ಲಿ ಹಿಡಿಸದಿರುವುದನ್ನೆಲ್ಲ ನಾವೇ ಕತ್ತರಿಸುತ್ತೇವೆ, ಆ ಹಳೆಯ ಫಾರ್ಮಿನ ಹಾಗೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ ಗ್ರಾಹಕರ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ ಏನಾಯಿತೆಂದು ಈ ಕ್ಷೇತ್ರದಲ್ಲಿರುವವರಿಗೆ ನೆನಪಿದೆ. ಜನ ತಮ್ಮ ಖಾತೆಯೊಳಗೆ ಹೋಗಲಾರದೆ ಒದ್ದಾಡಿದರು, ಎಲ್ಲವೂ ಸಹಜಕ್ಕೆ ಮರಳಲು ಡಿಸೆಂಬರ್ ಆಯಿತು, 2022ರಲ್ಲಿ ನಿಯಂತ್ರಕ ಸಂಸ್ಥೆಗಳು 4.86 ಕೋಟಿ ಪೌಂಡಿಗೂ ಹೆಚ್ಚಿನ ದಂಡ ವಿಧಿಸಿದವು. ಆ ಆದೇಶದ ಸಂದರ್ಭದಲ್ಲಿ ನಿಯಂತ್ರಕರೇ ಹೇಳಿದ ಒಂದು ಸಂಗತಿಯನ್ನು ನಾನು ಮರೆಯಲಾರೆ: ಡೇಟಾ ಯಶಸ್ವಿಯಾಗಿಯೇ ಸಾಗಿತ್ತು, ಕೈಕೊಟ್ಟದ್ದು ಹೊಸ ವ್ಯವಸ್ಥೆ. ಅಲ್ಲೂ ತಾಳೆಯಾಗಿತ್ತು. ಅದರ ಕಥೆ ನಮಗೆ ಇಷ್ಟು ವಿವರವಾಗಿ ಸಿಕ್ಕಿದ್ದು ತನಿಖೆ ನಡೆದು ವರದಿಗಳು ಹೊರಬಂದದ್ದರಿಂದ. ಯಾರೂ ದಂಡ ಹಾಕದ ಸಣ್ಣ ತಪ್ಪುಗಳ ಕಥೆಯನ್ನು ಮಾಡಿದವರೇ ಎದ್ದು ನಿಂತು ಹೇಳದಿದ್ದರೆ ಮತ್ತಾರು ಹೇಳುತ್ತಾರೆ?

1-4-1991

ಆ ಹುಡುಗಿಗೆ ನಾನು ಹೇಳಬೇಕಿದ್ದುದು ಈ ದಿನಾಂಕದ ಕಥೆ.

ಸಾಗಿಸುವ ಮುನ್ನ ಪ್ರತಿ ಕಾಲಂನಲ್ಲೂ ಯಾವ ಮೌಲ್ಯ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ನೋಡುವುದು ರೂಢಿ. ಸದಸ್ಯತ್ವದ ದಿನಾಂಕದ ಕಾಲಂನಲ್ಲಿ 1991ರ ಏಪ್ರಿಲ್ 1 ಎಂಬುದು 31 ಸಲ ಇತ್ತು. ಬೇರೆ ಯಾವ ದಿನವೂ ನಾಲ್ಕೈದು ಮೀರಿರಲಿಲ್ಲ. ಆರ್ಥಿಕ ವರ್ಷದ ಮೊದಲ ದಿನ, ಏನೋ ಸದಸ್ಯತ್ವ ಅಭಿಯಾನ ನಡೆದಿರಬೇಕು ಎಂದುಕೊಂಡು ಮುಂದೆ ಹೋಗಿದ್ದೆ. ಮಾತಿನ ನಡುವೆ ಗುಮಾಸ್ತೆಯವರಿಗೆ ಹೇಳಿದಾಗ ಅವರು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದು ಕಬ್ಬಿಣದ ಕಪಾಟು ತೆರೆದರು. ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಸದಸ್ಯರ ರಿಜಿಸ್ಟರ್. ಅದೊಂದು ಮಳೆಗಾಲದಲ್ಲಿ ಮಾಡಿನ ಹೆಂಚು ಒಡೆದು ರಾತ್ರಿಯಿಡೀ ನೀರು ಸೋರಿತ್ತಂತೆ. ಪುಟಗಳು ಹಪ್ಪಳದ ಹಾಗೆ ಸೆಡೆತು ಒಂದಕ್ಕೊಂದು ಅಂಟಿದ್ದವು. ನೀಲಿ ಶಾಯಿ ಕರಗಿ ಕಾಗದದ ತುಂಬ ಆಕಾಶದ ಬಣ್ಣ ಹರಡಿತ್ತು. ಹೆಸರುಗಳನ್ನು ಬೇರೆ ಖಾತೆಗಳಿಂದ ಹುಡುಕಿ ತೆಗೆದರು, ಷೇರಿನ ಹಣವನ್ನು ಖತಾವಣಿಯಿಂದ ಕಂಡುಕೊಂಡರು. ಸೇರಿದ ದಿನಾಂಕ ಮಾತ್ರ ಎಲ್ಲೂ ಸಿಗಲಿಲ್ಲ. ಮುಂದೆ ಕಂಪ್ಯೂಟರಿಗೆ ಏರಿಸುವಾಗ ಫಾರ್ಮು ದಿನಾಂಕವಿಲ್ಲದೆ ಮುಂದೆ ಹೋಗಲು ಬಿಡಲಿಲ್ಲ. "ಗೊತ್ತಿಲ್ಲ" ಎಂದು ಬರೆಯಲು ಜಾಗವಿರಲಿಲ್ಲ. ಎಲ್ಲರಿಗೂ 1-4-1991 ಹಾಕಿದರು.

"ಗೊತ್ತಿಲ್ಲ" ಎಂಬುದಕ್ಕೆ ಜಾಗ ಇರಬೇಕೆಂಬುದು ಡೇಟಾಬೇಸ್ ಕಲಿಯುವವರಿಗೆ ಮೊದಲ ವಾರವೇ ಹೇಳಿಕೊಡುವ ಸಂಗತಿ. ಒರಾಕಲ್ ಖಾಲಿ ಪಠ್ಯವನ್ನೂ ಮೌಲ್ಯ ಗೊತ್ತಿಲ್ಲ ಎಂಬುದಕ್ಕೆ ಇಡುವ ನಲ್ ಗುರುತನ್ನೂ ಒಂದೇ ಎಂದು ಎಣಿಸುತ್ತದೆ, ಪೋಸ್ಟ್‌ಗ್ರೆಸ್ ಎರಡನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಈ ವ್ಯತ್ಯಾಸವನ್ನು ನಾನು ಭಾಷಣದಲ್ಲಿ ಪೂರ್ತಿ ಒಂದು ಸ್ಲೈಡಿನಲ್ಲಿ ವಿವರಿಸಿದ್ದೆ. ತಂದೆಯ ಹೆಸರು ಬರೆದಿಲ್ಲದಿರುವುದು ಬೇರೆ, ಗೊತ್ತಿಲ್ಲದಿರುವುದು ಬೇರೆ ಎಂದೆಲ್ಲ ಹೇಳಿದ್ದೆ. ಅದೇ ಮಾತು ಆ 31 ಜನರ ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂದು ಮಾತ್ರ ಹೇಳಲಿಲ್ಲ. ಇಪ್ಪತ್ತೈದು ವರ್ಷ ತುಂಬಿದ ಸದಸ್ಯರನ್ನು ಸಂಘ ಸರ್ವ ಸದಸ್ಯರ ಸಭೆಯಲ್ಲಿ ಶಾಲು ಹೊದಿಸಿ ಗೌರವಿಸುತ್ತದೆ. 2016ರಲ್ಲಿ ಈ ಮೂವತ್ತೊಂದು ಜನರ ಹೆಸರೂ ಒಟ್ಟಿಗೆ ಬಂದಿತ್ತಂತೆ. ಅವರಲ್ಲಿ ಕೆಲವರು ಅದಕ್ಕೂ ಹತ್ತು ವರ್ಷ ಮೊದಲೇ ಆ ಶಾಲಿಗೆ ಅರ್ಹರಾಗಿದ್ದವರು, ಇಬ್ಬರು ತೀರಿಕೊಂಡಿದ್ದರು.

ಇಷ್ಟು ತಿಳಿದ ಮೇಲೂ ನಾವು ಆ ದಿನಾಂಕಗಳನ್ನು ಹಾಗೆಯೇ ಸಾಗಿಸಿದೆವು. ಅದಕ್ಕೊಂದು ನಿಯಮವಿದೆ: ಸಾಗಿಸುವಾಗ ತಿದ್ದಬೇಡ. ಇದ್ದುದನ್ನು ಇದ್ದ ಹಾಗೆ ದಾಟಿಸು, ತಿದ್ದುವುದು ಆಮೇಲೆ. ಈ ನಿಯಮ ಸರಿ ಎಂದು ಇಂದಿಗೂ ನನ್ನ ನಂಬಿಕೆ. ಸಾಗಿಸುತ್ತಲೇ ತಿದ್ದಿದರೆ ಮೊತ್ತ ತಾಳೆಯಾಗದಾಗ ತಪ್ಪು ಯಾವುದು, ತಿದ್ದುಪಡಿ ಯಾವುದು ಎಂದು ಗೊತ್ತಾಗುವುದಿಲ್ಲ. ಹಳ್ಳ ದಾಟುವಾಗ ತಲೆಯ ಮೇಲಿನ ಗಂಟನ್ನು ಬಿಚ್ಚಿ ನೋಡುವವರಿಲ್ಲ. ಆದರೆ ಆ ನಿಯಮದ ಎರಡನೆಯ ಅರ್ಧವನ್ನು ನಾವು ಸುಲಭವಾಗಿ ಮರೆಯುತ್ತೇವೆ. ದಡ ಸೇರಿದ ಮೇಲೆ ಗಂಟು ಬಿಚ್ಚಲೇಬೇಕು. ಹೊಸ ಟೇಬಲ್ಲಿನಲ್ಲಿ ದಿನಾಂಕದ ಪಕ್ಕ "ಅಂದಾಜು" ಎಂಬ ಗುರುತಿಗೆ ಒಂದು ಕಾಲಂ ಸೇರಿಸಿ ಕೊಡುತ್ತೇನೆಂದು ಗುಮಾಸ್ತೆಯವರಿಗೆ ಮಾತು ಕೊಟ್ಟಿದ್ದೆ. ಕೆಲಸಗಳ ಪಟ್ಟಿಯಲ್ಲಿ ಅದು ತಿಂಗಳುಗಟ್ಟಲೆ ಕೆಳಕೆಳಗೆ ಜಾರುತ್ತಾ ಹೋಯಿತು. ನಾನು ವೇದಿಕೆಯ ಮೇಲೆ ನಿಂತು ಎಲ್ಲವೂ ತಾಳೆಯಾಯಿತು ಎಂದ ದಿನವೂ ಅದು ಬಾಕಿಯೇ ಇತ್ತು. ಪ್ರಶ್ನೆ ಕೇಳಿದಾಗ ನಾನು ಅಳುಕಿದ್ದು ಇದಕ್ಕೆ. ಸಮಯ ಮುಗಿದಿದೆ ಎಂಬ ಸನ್ನೆ ನನಗೆ ಆಸರೆಯಾಯಿತು.

ಮುಂದಿನ ತಿಂಗಳು ಮೈಸೂರಿನಲ್ಲಿ ವಿದ್ಯಾರ್ಥಿಗಳ ಒಂದು ಸಣ್ಣ ಕೂಟದಲ್ಲಿ ಇದೇ ವಿಷಯವನ್ನು ಕನ್ನಡದಲ್ಲಿ ಹೇಳಬೇಕಿದೆ. ಸ್ಲೈಡುಗಳನ್ನು ಮತ್ತೆ ತೆಗೆದಾಗ, ಆ ಕಾಲಂ ಸೇರಿಸದೆ ಈ ಸಲ ಬಾಯಿ ತೆರೆಯಬಾರದು ಎನ್ನಿಸಿತು. ಕಳೆದ ಶನಿವಾರ ಅದನ್ನು ಸೇರಿಸಿ ಸಂಘಕ್ಕೆ ಫೋನ್ ಮಾಡಿದೆ. ಮೂವತ್ತೊಂದು ಹೆಸರುಗಳನ್ನು ನಾನು ಒಂದೊಂದಾಗಿ ಓದುವುದು, ಅವರು ಹೂಂ ಎನ್ನುವುದು, ನಾನು ಗುರುತು ಹಾಕುವುದು ಎಂದು ಗೊತ್ತುಮಾಡಿಕೊಂಡೆವು. ಹಿನ್ನೆಲೆಯಲ್ಲಿ ಕೌಂಟರಿನ ಸದ್ದು, ಯಾರೋ ಅಡಿಕೆಯ ಧಾರಣೆ ಕೇಳುತ್ತಿದ್ದರು. ಇಪ್ಪತ್ತೇಳನೆಯ ಹೆಸರಿಗೆ ಹೂಂ ಬರಲಿಲ್ಲ. ಕರೆ ಕಡಿದುಹೋಯಿತೇನೋ ಎಂದುಕೊಂಡೆ.

"ಇವರಿಗೆ ಗುರುತು ಹಾಕಬೇಡಿ" ಎಂದರು. "ಇವರು ನಿಜವಾಗಿಯೂ ಅವತ್ತೇ ಸೇರಿದ್ದು. ಹೊಸ ವರ್ಷದ ಕಿರ್ದಿ ತೆರೆಯುವ ದಿನ, ನಾನು ಬೀಗ ತೆಗೆಯಲು ಬರುವಾಗ ಜಗಲಿಯ ಮೇಲೆ ಕೂತಿದ್ದರು. ಮೊದಲ ರಸೀದಿ ಅವರದೇ, ಬರೆದದ್ದು ನಾನು."

ಇಪ್ಪತ್ತೆಂಟನೆಯ ಹೆಸರು ಓದಿದೆ.